ಐವತ್ತು ಸೊಳ್ಳೆಗೆ ಕೈ ಕೊಟ್ಟವರು

ಮೊನ್ನೆ ಮನೆಯಲ್ಲಿ ಮಲೇರಿಯಾ ಮಾತು ಬಂತು. "ಕಚ್ಚಿಸಿಕೊಂಡು ಕಚ್ಚಿಸಿಕೊಂಡೇ ಮೈ ಗಟ್ಟಿಯಾಗೋದು ಕಣೋ" ಅಂದರು ದೊಡ್ಡಪ್ಪ. ಅವರ ಮಾತು ಪೂರ್ತಿ ಸುಳ್ಳಲ್ಲ. ಆಫ್ರಿಕಾದಲ್ಲಿ ಮಲೇರಿಯಾ ಜಾಸ್ತಿ ಇರುವ ಊರುಗಳಲ್ಲಿ ದೊಡ್ಡವರನ್ನು ಈ ಚಳಿಜ್ವರ ಅಷ್ಟಾಗಿ ಕಾಡುವುದಿಲ್ಲ. ವರ್ಷಗಟ್ಟಲೆ ಕಚ್ಚಿಸಿಕೊಂಡು ಬಂದ ಶಕ್ತಿ ಅದು. ಆದರೆ ಅದು ಬರುವ ಮೊದಲೇ ಹೋಗಿಬಿಡುವ ಮಕ್ಕಳು? 2023ರಲ್ಲಿ ಮಲೇರಿಯಾಕ್ಕೆ ಸತ್ತವರು ಸುಮಾರು 6 ಲಕ್ಷ ಜನ. ಅದರಲ್ಲಿ ಹೆಚ್ಚಿನವರು ಆಫ್ರಿಕಾದ, ಐದು ವರ್ಷ ತುಂಬದ ಕೂಸುಗಳು. ಮೈ ಗಟ್ಟಿಯಾಗಲು ತೆರುವ ಬೆಲೆ ಇದು ಅಂತ ಒಪ್ಪಿಕೊಳ್ಳಲು ನನಗೆ ಆಗುವುದಿಲ್ಲ.

ಅದಕ್ಕೇ ನೆದರ್ಲೆಂಡ್ಸ್‌ನ ಪ್ರಯೋಗಗಳ ಮೇಲೆ ನನಗೆ ಅಷ್ಟು ಆಸೆ. ನೈಮೇಗನ್ ಊರಿನ ವಿಜ್ಞಾನಿಗಳು 2009ರಲ್ಲಿ ಒಂದು ಫಲಿತಾಂಶ ಪ್ರಕಟಿಸಿದರು. ಆರೋಗ್ಯವಾಗಿದ್ದ ಹತ್ತು ಜನ ಕ್ಲೋರೋಕ್ವಿನ್ ಎಂಬ ಮಲೇರಿಯಾ ಮಾತ್ರೆ ನುಂಗುತ್ತಾ, ತಿಂಗಳಿಗೊಮ್ಮೆಯಂತೆ ಮೂರು ಸಲ, ರೋಗಾಣು ಹೊತ್ತ ಸೊಳ್ಳೆಗಳಿಂದ ಕಚ್ಚಿಸಿಕೊಂಡರು. ಸುಮ್ನೆ ಕಲ್ಪಿಸಿಕೊಳ್ಳಿ. ಬಾಯಿಗೆ ಜಾಲರಿ ಬಿಗಿದ ಸಣ್ಣ ಡಬ್ಬಿ. ಒಳಗೆ ಹಸಿದ ಸೊಳ್ಳೆಗಳು. ಜಾಲರಿಗೆ ಕೈ ಒತ್ತಿ ಕೂರಬೇಕು. ಚುರ್ರೆಂದರೂ ಎಳೆದುಕೊಳ್ಳುವ ಹಾಗಿಲ್ಲ.

ಗುಟ್ಟು ಇರುವುದು ಲಿವರ್‌ನಲ್ಲಿ. ಸೊಳ್ಳೆ ಬಿಟ್ಟ ರೋಗಾಣು ಮೊದಲು ಅಲ್ಲಿ ಸೇರಿ ಸುಮಾರು ಒಂದು ವಾರ ಬೆಳೆಯುತ್ತದೆ. ಆಗ ಜ್ವರ ಇಲ್ಲ, ಚಳಿ ಇಲ್ಲ. ರಕ್ತಕ್ಕೆ ಇಳಿದ ಮೇಲೇ ನಡುಕ. ಕ್ಲೋರೋಕ್ವಿನ್ ಕೊಲ್ಲುವುದು ರಕ್ತದಲ್ಲಿ ಮಾತ್ರ. ಹಾಗಾಗಿ ಕಾಯಿಲೆ ಬೀಳದೆಯೇ ದೇಹಕ್ಕೆ ಶತ್ರುವಿನ ಗುರುತು ಸಿಕ್ಕಿತು. ಮಾತ್ರೆ ನಿಲ್ಲಿಸಿ ಮತ್ತೆ ಕಚ್ಚಿಸಿದಾಗ ಹತ್ತರಲ್ಲಿ ಒಬ್ಬರಿಗೂ ಮಲೇರಿಯಾ ಬರಲಿಲ್ಲ. ಹೋಲಿಕೆಗೆ ಇದ್ದ ಐದೂ ಜನಕ್ಕೆ ಬಂತು. ಅವರಿಗೆ ಔಷಧಿ ಕೊಟ್ಟರು.

2024ರಲ್ಲಿ ಅದೇ ದೇಶದ ಲೈಡನ್ ಊರಿನಿಂದ ಇನ್ನೊಂದು ಸುದ್ದಿ. ಈ ಸಲ ಮಾತ್ರೆಯೇ ಬೇಡ. ಜೀನ್ ತೆಗೆದ ರೋಗಾಣು ಆರನೇ ದಿನದ ಹೊತ್ತಿಗೆ ಲಿವರ್‌ನಲ್ಲೇ ನಿಂತುಹೋಗುತ್ತದೆ. ಒಂದು ಸಲಕ್ಕೆ 50 ಸೊಳ್ಳೆ, ಹೀಗೆ ಮೂರು ಸಲ. ಆಮೇಲೆ ಮಾಮೂಲಿ ರೋಗಾಣು ಹೊತ್ತ ಸೊಳ್ಳೆಗಳಿಂದ ಕಚ್ಚಿಸಿ ಪರೀಕ್ಷಿಸಿದ 9 ಜನರಲ್ಲಿ 8 ಜನ ಪಾರಾದರು. ಒಂದೇ ದಿನಕ್ಕೆ ನಿಲ್ಲುವ ರೋಗಾಣು ಪಡೆದ 8 ಜನರಲ್ಲಿ ಪಾರಾದವರು ಒಬ್ಬರೇ. ಲಿವರ್‌ನಲ್ಲಿ ಐದು ದಿನ ಹೆಚ್ಚು ಉಳಿದಿದ್ದಕ್ಕೆ ಇಷ್ಟು ವ್ಯತ್ಯಾಸ!

ಮನುಷ್ಯರ ಮೇಲೆ ಪ್ರಯೋಗವೇ ಅಂತ ಕೆಲವರು ಮುಖ ಸಿಂಡರಿಸುತ್ತಾರೆ. ಎಲ್ಲಾ ತಿಳಿದು ಒಪ್ಪಿ ಕೈ ಕೊಟ್ಟವರು ಅವರು, ಪದೇ ಪದೇ ರಕ್ತ ಪರೀಕ್ಷೆಯ ಕಾವಲಿನಲ್ಲಿದ್ದವರು. ಹಳ್ಳಿಯ ಕೂಸಿಗೆ ಆ ಆಯ್ಕೆಯೂ ಇಲ್ಲ, ಕಾವಲೂ ಇಲ್ಲ ಅಲ್ವಾ?

ಪ್ರಯೋಗ ಚಿಕ್ಕದು, ನಿಜ. ಸೊಳ್ಳೆ ಡಬ್ಬಿ ಹೊತ್ತು ಊರೂರು ತಿರುಗಲೂ ಆಗದು. ಅದೇ ರೋಗಾಣುವನ್ನು ಸೀಸೆಗೆ ತುಂಬಿ ಸೂಜಿಯಲ್ಲಿ ಕೊಡುವಂತಾಗಬೇಕು. ದುಡ್ಡು ಸುರಿಯಬೇಕಾದ್ದು ಆ ಕೆಲಸಕ್ಕೆ, ಈಗಲೇ.