ಹಲ್ಲು ಹೋದ ಮೇಲಿನ ತಟ್ಟೆ

ಐರ್ಲೆಂಡಿನ ಕಾರ್ಕ್ ಊರಿಗೆ ಬಂದ ಹೊಸದರಲ್ಲಿ, ಸೂಪರ್ ಮಾರ್ಕೆಟ್ಟಿನಲ್ಲಿ ಮಜ್ಜಿಗೆ ಡಬ್ಬ ಕಂಡು ನನಗೆ ಹಬ್ಬ ಆದಂತಾಗಿತ್ತು. ಇಲ್ಲಿಯವರು ಅದನ್ನು ಹೆಚ್ಚಾಗಿ ಸೋಡಾ ಬ್ರೆಡ್ ಮಾಡುವುದಕ್ಕೆ ಒಯ್ಯುತ್ತಾರೆ. ನಾನು ಶುಂಠಿ ಜಜ್ಜಿ, ಉಪ್ಪು ಹಾಕಿ ಲೋಟಕ್ಕೆ ಬಗ್ಗಿಸಿಕೊಂಡು ಕುಡಿಯುವುದನ್ನು ಪಕ್ಕದ ಮನೆಯ ಅಜ್ಜಿ ನೋಡಿದರು. "ನಮ್ಮಪ್ಪ ಹಿಂಗೇ ಕುಡೀತಿದ್ದರು, ಆಮೇಲೆ ಯಾರೂ ಕುಡಿದದ್ದು ನೋಡಿಲ್ಲ" ಅಂತ ನಕ್ಕರು. ಒಂದು ಕಾಲಕ್ಕೆ ಇಲ್ಲಿನ ಬಡವರ ಊಟ ಅಂದರೆ ಬೇಯಿಸಿದ ಆಲೂಗಡ್ಡೆ ಮತ್ತು ಮಜ್ಜಿಗೆ. ಕಾರ್ಕ್‌ನಲ್ಲಿ 1770ರಲ್ಲೇ ದೊಡ್ಡ ಬೆಣ್ಣೆ ಮಾರುಕಟ್ಟೆ ಶುರುವಾಗಿತ್ತು. ಬೆಣ್ಣೆ ಹಡಗು ಹತ್ತುತ್ತಿತ್ತು, ಮಜ್ಜಿಗೆ ಮನೆಯವರ ಪಾಲಿಗೆ ಉಳಿಯುತ್ತಿತ್ತು. ನಮ್ಮ ತಿಪಟೂರು ಕಡೆಯ ಮುದ್ದೆ, ಮಜ್ಜಿಗೆಯ ಕಥೆಯೇ ಅಲ್ವಾ ಇದು?

ಆ ಅಜ್ಜಿ ಎರಡು ವರ್ಷದ ಹಿಂದೆ ಬಿದ್ದು ಸೊಂಟ ಮುರಿದುಕೊಂಡು ನರ್ಸಿಂಗ್ ಹೋಮ್ ಸೇರಿದರು. ಇಲ್ಲಿ ನರ್ಸಿಂಗ್ ಹೋಮ್ ಅಂದರೆ ನಮ್ಮೂರಿನ ಸಣ್ಣ ಆಸ್ಪತ್ರೆ ಅಲ್ಲ, ವಯಸ್ಸಾದವರು ಉಳಿದುಕೊಳ್ಳುವ ಜಾಗ. ನೋಡೋಕೆ ಹೋದಾಗೆಲ್ಲ ತಟ್ಟೆಯ ಮೇಲೆ ಕಣ್ಣು ಹೋಗುತ್ತಿತ್ತು. ಅರೆದ ಆಲೂಗಡ್ಡೆ, ಮೆತ್ತಗೆ ಬೇಯಿಸಿದ ಮಾಂಸ, ಬಣ್ಣ ಕಳೆದುಕೊಂಡ ಕ್ಯಾರೆಟ್, ಕೊನೆಗೆ ಕಸ್ಟರ್ಡ್. ಶುಚಿಯಾಗಿ, ಬಿಸಿಯಾಗಿ, ಗಂಟೆ ಹೊಡೆದ ಹಾಗೆ ಬರುತ್ತದೆ, ಪ್ರೀತಿಯಿಂದಲೇ ಬಡಿಸುತ್ತಾರೆ. ಆದರೆ ದಿನಾ ಅದೇ. ಮನೆಯಲ್ಲಿದ್ದಾಗ ಇದೇ ಅಜ್ಜಿ ಹಿತ್ತಲಲ್ಲಿ ಕೋಸು, ಈರುಳ್ಳಿ ಬೆಳೆದು, ಬೆಳಿಗ್ಗೆ ಓಟ್ಸ್ ಗಂಜಿ ಕುಡಿದು, ಮಧ್ಯಾಹ್ನ ಕಾಳು ಹಾಕಿದ ಸೂಪು ಮಾಡಿಕೊಳ್ಳುತ್ತಿದ್ದರು.

ತಮಾಷೆ ಅಂದರೆ, ವಯಸ್ಸಾದವರ ಊಟಕ್ಕೂ ಅವರ ಕರುಳಿನ ಬ್ಯಾಕ್ಟೀರಿಯಾಕ್ಕೂ ಇರುವ ನಂಟಿನ ಬಗ್ಗೆ ಜಗತ್ತಿಗೆ ಪಾಠ ಹೇಳಿದ್ದೇ ಈ ಊರು. ಇಲ್ಲಿನ ಯೂನಿವರ್ಸಿಟಿಯವರು ಎಲ್ಡರ್‌ಮೆಟ್ ಅನ್ನುವ ಯೋಜನೆಯಲ್ಲಿ 178 ಮಂದಿ ಹಿರಿಯರ ಮಲ ಪರೀಕ್ಷೆ ಮಾಡಿ, ಅವರು ಏನು ತಿನ್ನುತ್ತಾರೆ, ಎಷ್ಟು ಗಟ್ಟಿಯಾಗಿದ್ದಾರೆ ಅಂತಲೂ ನೋಡಿದರು. 2012ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಮನೆಯಲ್ಲಿ ಇರುವವರ ಕರುಳಿನಲ್ಲಿ ಬಗೆಬಗೆಯ ಬ್ಯಾಕ್ಟೀರಿಯಾ ಇದ್ದವು. ಆರೈಕೆ ಕೇಂದ್ರದಲ್ಲಿ ಬಹಳ ಕಾಲದಿಂದ ಇದ್ದವರಲ್ಲಿ ಆ ವೈವಿಧ್ಯ ಕಡಿಮೆಯಾಗಿತ್ತು, ದೇಹವೂ ಹೆಚ್ಚು ಸೊರಗಿತ್ತು. ನನಗೆ ಅದರಲ್ಲಿ ತಟ್ಟಿದ್ದು ಇನ್ನೊಂದು ಮಾತು: ಕೇಂದ್ರಕ್ಕೆ ಸೇರಿದವರ ಊಟ ಮೊದಲು ಬದಲಾಗುತ್ತದೆ, ಬ್ಯಾಕ್ಟೀರಿಯಾ ನಿಧಾನವಾಗಿ ಆಮೇಲೆ ಬದಲಾಗುತ್ತವೆ. ತಟ್ಟೆ ಮುಂದೆ, ಕರುಳು ಹಿಂದೆ. ಸೊರಗಿದ್ದರಿಂದ ಕರುಳು ಕೆಟ್ಟಿತೋ, ಕರುಳು ಕೆಟ್ಟಿದ್ದರಿಂದ ಸೊರಗಿದರೋ ಅಂತ ಇಷ್ಟರಿಂದಲೇ ಹೇಳೋಕಾಗಲ್ಲ, ನಿಜ. ಊಟವನ್ನೇ ಬದಲಿಸಿ ನೋಡಿದ ಇನ್ನೊಂದು ಅಧ್ಯಯನದಲ್ಲಿ ಐದು ದೇಶಗಳ 65ರಿಂದ 79 ವಯಸ್ಸಿನ 612 ಜನರನ್ನು ತೆಗೆದುಕೊಂಡು, ಕೆಲವರಿಗೆ ಒಂದು ವರ್ಷ ಪೂರ್ತಿ ತರಕಾರಿ, ಕಾಳು, ಹಣ್ಣು, ಆಲಿವ್ ಎಣ್ಣೆ, ಮೀನು ಜಾಸ್ತಿ ಇರುವ ಊಟ ರೂಢಿ ಮಾಡಿಸಿ ನೋಡಿದರು. ಅದನ್ನು ಚೆನ್ನಾಗಿ ಪಾಲಿಸಿದವರಲ್ಲಿ, ದೇಹದ ಉರಿಯೂತ ಕಡಿಮೆ ಇರುವುದಕ್ಕೂ ನೆನಪು ಚೆನ್ನಾಗಿರುವುದಕ್ಕೂ ನಂಟಿರುವ ಬ್ಯಾಕ್ಟೀರಿಯಾ ಹೆಚ್ಚಿದ್ದವು. 2020ರಲ್ಲಿ ಬಂದ ವರದಿ ಅದು. ಇಷ್ಟೆಲ್ಲ ಗೊತ್ತಿರುವ ಊರಿನಲ್ಲೇ, ನಮ್ಮ ಅಜ್ಜಿಯ ತಟ್ಟೆಯಲ್ಲಿ ಇನ್ನೂ ಅದೇ ಅರೆದ ಆಲೂಗಡ್ಡೆ!

ಇದನ್ನೆಲ್ಲ ಓದಿ ನಾನೂ ಎಲ್ಲ ಹೊರನಾಡ ಕನ್ನಡಿಗರ ಹಾಗೆ ಎದೆ ಉಬ್ಬಿಸಿದೆ. ನಮ್ಮಲ್ಲಿ ಮಕ್ಕಳು ನೋಡಿಕೊಳ್ಳುತ್ತಾರೆ, ಮೊಸರು, ಮಜ್ಜಿಗೆ, ಅಂಬಲಿ, ತಂಗಳನ್ನ, ಹಿರಿಯರಿಗೆ ಎಲ್ಲ ಗೊತ್ತಿತ್ತು, ಇತ್ಯಾದಿ. ವಾಟ್ಸಾಪಿನಲ್ಲಿ ಬಂದದ್ದನ್ನು ನಾಲ್ಕು ಗ್ರೂಪಿಗೆ ಕಳಿಸಿಯೂ ಆಯಿತು. ಅವತ್ತು ರಾತ್ರಿ ಅಮ್ಮನಿಗೆ ಫೋನ್ ಮಾಡಿ "ಏನು ಊಟ?" ಅಂದೆ.

"ರಸ್ಕು ಹಾಲು" ಅಂದಳು.

ಮಧ್ಯಾಹ್ನ? ಮೆತ್ತಗಿನ ಅನ್ನ, ತಿಳಿಸಾರು. ನಿನ್ನೆ? ಅದೇ. ಸೊಪ್ಪು? "ಬಿಡಿಸಿ, ತೊಳೆದು, ಬೇಯಿಸಿ ಯಾರಿಗೋಸ್ಕರ ಮಾಡ್ಲಿ, ಒಬ್ಬಳೇ ತಾನೇ." ಅಪ್ಪ ಹೋದ ಮೇಲೆ ಮನೆಯಲ್ಲಿ ಒಬ್ಬಳೇ. ದವಡೆ ಹಲ್ಲು ಒಂದೊಂದೇ ಹೋದವು, ಕಾಳು ಅಗಿಯೋಕಾಗಲ್ಲ. ಹೊಟ್ಟೆ ಉಬ್ಬರ ಅಂದಾಗಲೆಲ್ಲ ಮೆಡಿಕಲ್ ಶಾಪಿನಿಂದ ಗ್ಯಾಸ್ ಮಾತ್ರೆ, ಕೆಮ್ಮು ಬಂದರೆ ಅಲ್ಲಿಂದಲೇ ಆ್ಯಂಟಿಬಯೋಟಿಕ್. ಎರಡೂ ಕರುಳಿನ ಬ್ಯಾಕ್ಟೀರಿಯಾವನ್ನು ಏರುಪೇರು ಮಾಡಬಹುದು. ಇದೊಂದರಲ್ಲಿ ಐರ್ಲೆಂಡಿನವರೇ ವಾಸಿ, ಡಾಕ್ಟರ ಚೀಟಿ ಇಲ್ಲದೆ ಇಲ್ಲಿ ಆ್ಯಂಟಿಬಯೋಟಿಕ್ ಸಿಗಲ್ಲ.

ಹಾಗಾದರೆ ಇಬ್ಬರಲ್ಲಿ ಯಾರದ್ದು ಮೇಲು? ಕಾರ್ಕ್ ಅಜ್ಜಿಗೆ ಮಾಡಿ ಬಡಿಸುವವರು ಇದ್ದಾರೆ, ತಟ್ಟೆಯಲ್ಲಿ ಬಗೆ ಇಲ್ಲ. ನಮ್ಮಮ್ಮನ ಹಿತ್ತಲಲ್ಲೇ ನಾಲ್ಕು ಬಗೆ ಸೊಪ್ಪು ಇದೆ, ಜೊತೆಗೆ ಕೂತು ತಿನ್ನುವವರಿಲ್ಲ. ಎರಡು ಕಡೆಯೂ ತಟ್ಟೆ ಬಡವಾಯಿತು, ಅಷ್ಟೇ. ಅಮ್ಮನ ಜೊತೆ ಇರದ ಮಗ ನಾನೇ, ಆದ್ದರಿಂದ ಈ ವಿಷಯದಲ್ಲಿ ಜಾಸ್ತಿ ಮಾತಾಡುವ ಯೋಗ್ಯತೆ ನನಗಿಲ್ಲ.

ಮೊಸರು ತಿಂತಾರಲ್ಲ, ಸಾಕು ಅನ್ನುವವರಿಗೆ ಒಂದು ಮಾತು. ಹುಳಿ ಹಾಲು ಕುಡಿದರೆ ಆಯಸ್ಸು ಹೆಚ್ಚುತ್ತದೆ ಅಂತ ನೂರು ವರ್ಷದ ಹಿಂದೆಯೇ ಸಾರಿದವರು, ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ವಿಜ್ಞಾನಿ ಮೆಚ್ನಿಕಾಫ್. 1908ರಲ್ಲಿ ಅವರಿಗೆ ನೊಬೆಲ್ ಬಂತು, ಆದರೆ ಅದು ರೋಗನಿರೋಧಕ ಶಕ್ತಿಯ ಕೆಲಸಕ್ಕೆ, ಹುಳಿ ಹಾಲಿಗಲ್ಲ. ಅವರು ಬದುಕಿದ್ದು 71 ವರ್ಷ. ಮೊಸರು ಒಳ್ಳೆಯದೇ, ನಾನು ಬಿಟ್ಟಿರಲಾರೆ. ಆದರೆ ಹೊಟ್ಟೆಯೊಳಗೆ ಈಗಾಗಲೇ ಮನೆ ಮಾಡಿಕೊಂಡಿರುವ ಬ್ಯಾಕ್ಟೀರಿಯಾಗಳಿಗೆ ಊಟ ಹಾಕಬೇಕಲ್ಲ, ಅವುಗಳ ಊಟ ನಾರು. ನಾವು ಅರಗಿಸಲಾಗದ ನಾರನ್ನು ಅವು ತಿಂದು ಬ್ಯುಟಿರೇಟ್ ಥರದ ಆಮ್ಲಗಳನ್ನು ಮಾಡುತ್ತವೆ, ದೊಡ್ಡ ಕರುಳಿನ ಒಳಪದರ ಬದುಕುವುದೇ ಬಹುಪಾಲು ಅದರಿಂದ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು, ಬಿಳಿ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ರಸ್ಕಿನ ಲೆಕ್ಕ ಬೇಡ ಬಿಡಿ.

ಮುದ್ದೆಯನ್ನು ಅಗಿಯುವ ಹಾಗೇ ಇಲ್ಲ, ಸಾರಿನಲ್ಲಿ ಅದ್ದಿ ನುಂಗಬೇಕು. ನುಂಗಲು ತೊಂದರೆ ಇಲ್ಲದಿದ್ದರೆ ಹಲ್ಲಿಲ್ಲದವರಿಗೆ ಇದಕ್ಕಿಂತ ಏನು ಬೇಕು? ಮಸ್ಸೊಪ್ಪಿನಲ್ಲಿ ಬೇಳೆ, ಸೊಪ್ಪು ಎರಡೂ ಮಸೆದೇ ಇರುತ್ತವೆ. ನರ್ಸಿಂಗ್ ಹೋಮಿನವರು ಯಂತ್ರಕ್ಕೆ ಹಾಕಿ ಅರೆಯುವುದನ್ನು ನಮ್ಮವರು ಮರದ ಮಸೆಯುವ ಕೋಲಿನಲ್ಲಿ ಯಾವಾಗಲೋ ಮಾಡಿದ್ದರು. ಒಂದೇ ಸಲ ನಾರು ಹೆಚ್ಚಿಸಿದರೆ ಹೊಟ್ಟೆ ಗುಡುಗುತ್ತದೆ, ಆದ್ದರಿಂದ ಸ್ವಲ್ಪ ಸ್ವಲ್ಪವೇ ಶುರು ಮಾಡಬೇಕು.

ಈ ಸಲ ಊರಿಗೆ ಹೋದಾಗ ಅಮ್ಮನೂ ಎದುರು ಮನೆ ಅತ್ತೆಯೂ ಒಂದು ಒಪ್ಪಂದಕ್ಕೆ ಬಂದರು. ಒಂದು ದಿನ ಇವಳ ಮನೆಯಲ್ಲಿ ಮುದ್ದೆ ತಿರುವುವುದು, ಮಾರನೇ ದಿನ ಅವರ ಮನೆಯಲ್ಲಿ. ನನ್ನ ಬ್ಯಾಕ್ಟೀರಿಯಾ ಭಾಷಣ ಇಬ್ಬರೂ ಕೇಳಲಿಲ್ಲ, ಸಂಜೆ ಜೊತೆಗೆ ಕೂತು ಸೀರಿಯಲ್ ನೋಡಬಹುದು ಅನ್ನೋದು ಅವರ ಲೆಕ್ಕ. ಹಲ್ಲು ಸೆಟ್ ಕಟ್ಟಿಸೋಣ ಬಾ ಅಂದರೆ ಮಾತ್ರ ಇನ್ನೂ ಒಪ್ಪುತ್ತಿಲ್ಲ. "ಈ ವಯಸ್ಸಲ್ಲಿ ಹಲ್ಲು ಯಾರಿಗೆ ತೋರಿಸ್ಬೇಕು, ಸುಮ್ನಿರೋ" ಅಂತಾಳೆ.