ಸತ್ತವರ ಕೈಯಿಂದಲೇ ಸಹಿ ಬೇಕಂತೆ

ಕಳೆದ ವಾರ ದಾವಣಗೆರೆಯ ಪಿ.ಜೆ. ಬಡಾವಣೆಯ ಸೈಬರ್ ಸೆಂಟರಿನಲ್ಲಿ ಎರಡೂವರೆ ಗಂಟೆ ಕೂತಿದ್ದೆ. ಕೆಲಸ ಐದೇ ನಿಮಿಷದ್ದು. ಒಂದು ಕಚೇರಿಯ ವೆಬ್‌ಸೈಟಿನಲ್ಲಿ ಅರ್ಜಿ ತುಂಬಿ, ಡಿಜಿಟಲ್ ಸಹಿ ಹಾಕಿ, ರಸೀದಿ ತಗೊಂಡು ಬರೋದು. ಅರ್ಜಿ ತುಂಬಿದೆ, ಸಹಿ ಒತ್ತಿದೆ. ಪರದೆ ಮೇಲೆ ಬಂತು: 'ದಯವಿಟ್ಟು ಇಂಟರ್ನೆಟ್ ಎಕ್ಸ್‌ಪ್ಲೋರರ್ ಬಳಸಿ.'

ಅಲ್ರೀ, ವೆಬ್‌ಸೈಟು ತೆರೆದು ತೋರಿಸೋ ಆ ಹಳೇ ಬ್ರೌಸರ್ ತೀರಿಕೊಂಡಿದೆ! 2022ರ ಜೂನ್ 15ಕ್ಕೆ ಮೈಕ್ರೋಸಾಫ್ಟೇ ಕೈ ತೊಳೆದುಕೊಂಡಿತು. ದಕ್ಷಿಣ ಕೊರಿಯಾದಲ್ಲಿ ಒಬ್ಬ ಇಂಜಿನಿಯರ್ ಅದಕ್ಕೆ ಸಮಾಧಿ ಕಲ್ಲನ್ನೇ ಕೆತ್ತಿಸಿದ. 'ಬೇರೆ ಬ್ರೌಸರ್ ಇಳಿಸಿಕೊಳ್ಳೋಕೆ ಒಳ್ಳೇ ಸಾಧನವಾಗಿತ್ತು' ಅಂತ ಅದರ ಮೇಲೆ ಬರೆಸಿದ್ದಾನೆ. ನಮ್ಮ ಕಚೇರಿಗೆ ಮಾತ್ರ ಸಾವಿನ ಸುದ್ದಿ ಮುಟ್ಟಿಲ್ಲ. ನಮ್ಮಪ್ಪ ಬದುಕಿದ್ದೀನಿ ಅಂತ ಪ್ರತಿ ನವೆಂಬರಿನಲ್ಲಿ ಜೀವಂತ ಪ್ರಮಾಣಪತ್ರ ಕೊಡಬೇಕು, ಎದುರಿಗೆ ಹೋಗಿ ಕೆಮ್ಮಿದರೂ ನಂಬಲ್ಲ. ಸತ್ತ ಬ್ರೌಸರಿಗೆ ಆ ತಾಪತ್ರಯವೇ ಇಲ್ಲ.

ಇದೆಲ್ಲ ಶುರುವಾದದ್ದು ಪುಕ್ಕಟೆ ಪಲ್ಯದಿಂದ. 1994ರಲ್ಲಿ ನೆಟ್‌ಸ್ಕೇಪ್ ಅನ್ನೋ ಬ್ರೌಸರ್ ಬಂತು, ಎಲ್ಲರೂ ಅದನ್ನೇ ಹಿಡಿದರು. ಮರುವರ್ಷ ಮೈಕ್ರೋಸಾಫ್ಟ್ ಎಕ್ಸ್‌ಪ್ಲೋರರ್ ತಂದು, ಆಮೇಲೆ ನಮ್ಮಲ್ಲಿ ಬೆಣ್ಣೆ ದೋಸೆ ಜೊತೆ ಪಲ್ಯ ಕೊಡ್ತಾರಲ್ಲ, ಹಾಗೆ ವಿಂಡೋಸ್ ಜೊತೆ ಬಡಿಸಿಬಿಟ್ಟಿತು. ಪಕ್ಕದಲ್ಲಿ ಬರೀ ಪಲ್ಯ ಮಾರುತ್ತಿದ್ದವನ ಗತಿ ಏನಾಗಬೇಕು? 1998ರಲ್ಲಿ ಅಮೆರಿಕದ ಸರ್ಕಾರ ಕೇಸು ಹಾಕಿತು, ಆದರೆ ಅಷ್ಟೊತ್ತಿಗೆ ಗಿರಾಕಿಗಳು ಎದ್ದು ಹೋಗುತ್ತಿದ್ದರು. 2001ರಲ್ಲಿ ಎಕ್ಸ್‌ಪ್ಲೋರರ್ 6 ಬಿಟ್ಟವರು, ಎದುರಾಳಿ ಯಾರೂ ಇಲ್ಲ ಅಂತ ಐದು ವರ್ಷ ನಿದ್ದೆ ಹೊಡೆದರು. ನಮ್ಮ ಕಚೇರಿಯ ಸೈಟು ಆ ನಿದ್ದೆಯಲ್ಲಿ ಬಿದ್ದ ಕನಸು. 2004ರಲ್ಲಿ ಫೈರ್‌ಫಾಕ್ಸ್ ಬಂತು, 2008ರಲ್ಲಿ ಕ್ರೋಮ್ ಬಂತು, ಕಚೇರಿಯವರು ಎಚ್ಚರವಾಗಲೇ ಇಲ್ಲ.

ಇನ್ನೊಂದು ತಮಾಷೆ ಕೇಳಿ. ಪ್ರತಿ ಬ್ರೌಸರ್ ಸೈಟಿನ ಬಾಗಿಲಲ್ಲಿ ತನ್ನ ಹೆಸರು ಹೇಳಬೇಕು. ಕ್ರೋಮ್ ಏನನ್ನುತ್ತೆ ಗೊತ್ತಾ? 'ಮೋಝಿಲ್ಲಾ 5.0, ಆಪಲ್ ವೆಬ್‌ಕಿಟ್, ಗೆಕೋ ತರಹ, ಕ್ರೋಮ್, ಸಫಾರಿ.' ತನ್ನದೊಂದು ಬಿಟ್ಟರೆ ಉಳಿದದ್ದೆಲ್ಲ ಬೇರೆಯವರ ಹೆಸರು. ಥೇಟ್ ತಾಲ್ಲೂಕು ಕಚೇರಿ ಬಾಗಿಲಲ್ಲಿ 'ನಾವು ಎಮ್ಮೆಲ್ಲೆ ಕಡೆಯವರು, ಅಧ್ಯಕ್ಷರೂ ಪರಿಚಯ' ಅಂತ ಒಳಗೆ ನುಗ್ಗಿದ ಹಾಗೆ! ಮೋಝಿಲ್ಲಾ ಅನ್ನೋದು ನೆಟ್‌ಸ್ಕೇಪಿನ ಮನೆ ಹೆಸರು. ಆಗ ಕೆಲವು ಸೈಟುಗಳು ಆ ಹೆಸರು ಹೇಳಿದವರಿಗೆ ಮಾತ್ರ ಒಳ್ಳೇ ಪುಟ ತೋರಿಸುತ್ತಿದ್ದವು. ಎಕ್ಸ್‌ಪ್ಲೋರರ್ ಸುಮ್ನೆ ಅದೇ ಹೆಸರು ಹೇಳಿ ನುಗ್ಗಿತು, ಆಮೇಲೆ ಬಂದವರೆಲ್ಲ ಅದನ್ನೇ ಕಲಿತರು. ಅಂದರೆ ಕೊಂದವನೂ ಸತ್ತವನ ಹೆಸರು ಹೇಳಿಕೊಂಡೇ ಬಾಳಿದ.

ಇರಲಿ. ಸೈಬರ್ ಹುಡುಗ ನನ್ನ ಮುಖ ನೋಡಿ, "ಆ ಮೂಲೇದಕ್ಕೆ ಬರ್ರಿ ಸಾರ್" ಅಂದ. ಆ ಕಂಪ್ಯೂಟರಿಗೆ ಕುಂಕುಮ ಇತ್ತು, ಆಯುಧ ಪೂಜೆಯ ಚೆಂಡು ಹೂವು ಒಣಗಿ ಕೀಬೋರ್ಡ್ ಮೇಲೆ ಉದುರಿತ್ತು, ಮಾನಿಟರಿಗೆ ಚೀಟಿ ಅಂಟಿಸಿತ್ತು: 'ಅಪ್‌ಡೇಟ್ ಮಾಡಬೇಡಿ.' ಅದರಲ್ಲಿ ಮೈಕ್ರೋಸಾಫ್ಟಿನ ಹೊಸ ಬ್ರೌಸರ್ ಎಡ್ಜ್ ತೆಗೆದು ಏನೋ ಒತ್ತಿದ. "ಇದನ್ನ ಐಇ ಮೋಡ್, ಅಂದ್ರೆ ಇಂಟರ್ನೆಟ್ ಎಕ್ಸ್‌ಪ್ಲೋರರ್ ಮೋಡ್ ಅಂತಾರೆ ಸಾರ್. ಸತ್ತೋನು ಸ್ವಲ್ಪ ಹೊತ್ತು ಎಡ್ಜ್ ಮೈಮೇಲೆ ಬರ್ತಾನೆ." 2029ರವರೆಗಂತೂ ಬರ್ತಾನೆ ಅಂತ ಮೈಕ್ರೋಸಾಫ್ಟೇ ಮಾತು ಕೊಟ್ಟಿದೆ.

ಬಂದ. ಸಹಿ ಹಾಕಿದ. ನಾನು ಖುಷಿಯಿಂದ ರಸೀದಿ ಒತ್ತಿದೆ. ಕಚೇರಿಯವರು ಹೋದ ತಿಂಗಳಷ್ಟೇ ರಸೀದಿ ಪುಟವನ್ನ ಹೊಸದು ಮಾಡಿಸಿದ್ದಾರಂತೆ. ಪರದೆ ಮೇಲೆ ಬಂತು: 'ನಿಮ್ಮ ಬ್ರೌಸರ್ ತುಂಬಾ ಹಳೆಯದು. ದಯವಿಟ್ಟು ಕ್ರೋಮ್ ಬಳಸಿ.'