ಹಿತ್ತಲ ರೇಡಾನ್ ಮದ್ದಲ್ಲ

ಆಸ್ಟ್ರಿಯಾದಲ್ಲಿ ನಿಮ್ಮದೊಂದು ಮನೆ ಇದೆ ಅಂತ ಇಟ್ಟುಕೊಳ್ಳಿ. ನೆಲಮಾಳಿಗೆಯ ಬಿರುಕಿನಿಂದ ರೇಡಾನ್ ಎಂಬ ವಿಕಿರಣ ಸೂಸುವ ಅನಿಲ ಒಳಗೆ ನುಗ್ಗುತ್ತಿದೆ. ಬಣ್ಣವಿಲ್ಲ, ವಾಸನೆಯಿಲ್ಲ. ಶ್ವಾಸಕೋಶದ ಕ್ಯಾನ್ಸರಿಗೆ ಸಿಗರೇಟಿನ ನಂತರದ ಸ್ಥಾನ ಇದರದ್ದೇ. ವರ್ಷದ ಸರಾಸರಿ ಘನಮೀಟರಿಗೆ 300 ಬೆಕೆರೆಲ್ (ವಿಕಿರಣ ಅಳೆಯುವ ಮಾನ) ದಾಟಬಾರದು, ಬಿರುಕು ಮುಚ್ಚಿಸಿ, ಫ್ಯಾನ್ ಹಾಕಿಸಿ ಅನ್ನುತ್ತದೆ ಸರ್ಕಾರ. ನೀವು ಹೆದರಿ, ಸಾಲ ಮಾಡಿ, ಎಲ್ಲ ಮಾಡಿಸುತ್ತೀರಿ. ಆ ಓಡಾಟದಲ್ಲಿ ಹಳೇ ಸಂಧಿವಾತ ಕೆರಳುತ್ತದೆ. ಡಾಕ್ಟರು ಪರೀಕ್ಷೆ ಮಾಡಿ ಹೇಳುತ್ತಾರೆ: "ಬಾದ್ ಗಾಸ್ಟೈನಿಗೆ ಹೋಗಿ ಒಂದಿಷ್ಟು ರೇಡಾನ್ ತಗೊಂಡು ಬನ್ನಿ."

ಸಾಲ್ಜ್‌ಬರ್ಗ್ ಪ್ರಾಂತ್ಯದ ಬೆಟ್ಟದೂರು ಅದು. ಊರ ನಟ್ಟನಡುವೆಯೇ ಜಲಪಾತ, ಅದರ ಇಕ್ಕೆಲದ ಬಂಡೆಗೆ ಅಂಟಿಕೊಂಡ ಭಾರೀ ಹೋಟೆಲುಗಳು. ಬಿಸಿನೀರಿನ ಸ್ನಾನಕ್ಕೆ ಜರ್ಮನಿಯ ಚಕ್ರವರ್ತಿ ಒಂದನೇ ವಿಲ್ಹೆಲ್ಮ್ ಮತ್ತೆ ಮತ್ತೆ ಬರುತ್ತಿದ್ದ. 1865ರ ಆಗಸ್ಟಿನಲ್ಲಿ ಅಂದಿನ ಜರ್ಮನ್ ರಾಜ್ಯ ಪ್ರಷ್ಯಾ ಮತ್ತು ಆಸ್ಟ್ರಿಯಾ ಇಲ್ಲೇ ಕೂತು ಶ್ಲೆಸ್ವಿಗ್, ಹೋಲ್‌ಸ್ಟೈನ್ ಎಂಬ ಎರಡು ಸೀಮೆಗಳನ್ನು ಹಂಚಿಕೊಂಡು ಒಪ್ಪಂದಕ್ಕೆ ಸಹಿ ಹಾಕಿದವು. ವರ್ಷ ತುಂಬುವ ಮೊದಲೇ ಎರಡೂ ಯುದ್ಧಕ್ಕೆ ಬಿದ್ದವು. ಕೀಲುನೋವಿಗೆ ಆ ನೀರು ಏನು ಮಾಡುತ್ತದೋ, ರಾಜಕೀಯಕ್ಕಂತೂ ನಾಟಲಿಲ್ಲ.

1904ರಲ್ಲಿ ಹೈನ್ರಿಖ್ ಮಾಖೆ ಎಂಬ ಭೌತವಿಜ್ಞಾನಿ ಆ ನೀರಿನಲ್ಲಿ ರೇಡಾನ್ ಇದೆ ಎಂದು ತೋರಿಸಿದರು. ಬೇರೆ ಊರಾಗಿದ್ದರೆ ಬಾವಿ ಮುಚ್ಚುತ್ತಿದ್ದರೇನೋ. ಇಲ್ಲಿ ಬೋರ್ಡು ಹಾಕಿದರು.

ಅಸಲಿ ಮಜಾ ಪಕ್ಕದ ಬ್ಯೋಕ್‌ಸ್ಟೈನಿನಲ್ಲಿದೆ. 1940ರ ದಶಕದಲ್ಲಿ ಚಿನ್ನಕ್ಕಾಗಿ ಅಲ್ಲಿ ಬೆಟ್ಟ ಕೊರೆದರು. ಚಿನ್ನ ಸಿಗಲಿಲ್ಲ, ಬಿಸಿ ಗಾಳಿ ಸಿಕ್ಕಿತು. ಅಗೆಯುವವರ ಕೀಲುನೋವು ಕಡಿಮೆಯಾಯಿತು ಎಂಬ ಸುದ್ದಿ ಹಬ್ಬಿತು. ಯುದ್ಧ ಮುಗಿದ ಮೇಲೆ ಸುರಂಗವೇ ಚಿಕಿತ್ಸಾಲಯವಾಯಿತು. ಅಂತೂ ಚಿನ್ನ ಸಿಕ್ಕಿತು ಅನ್ನಿ.

ಈಗ ಪುಟ್ಟ ರೈಲು ರೋಗಿಗಳನ್ನು ಬೆಟ್ಟದ ಹೊಟ್ಟೆಯೊಳಗೆ ಕರೆದೊಯ್ಯುತ್ತದೆ. ಒಳಗೆ 37ರಿಂದ 41 ಡಿಗ್ರಿ ಸೆಕೆ. ಜನ ಬಟ್ಟೆ ಕಳಚಿ ಸಾಲು ಮಂಚಗಳ ಮೇಲೆ ಮಲಗಿ, ಬೆವರು ಸುರಿಸುತ್ತಾ ಜೋರಾಗಿ ಉಸಿರೆಳೆಯುತ್ತಾರೆ. ದುಡ್ಡು ಕೊಟ್ಟಾಗಿದೆ, ಸುಮ್ನೆ ಬಿಡೋಕಾಗುತ್ತಾ? ಆ ಗಾಳಿಯಲ್ಲಿ ಘನಮೀಟರಿಗೆ ಸುಮಾರು 44,000 ಬೆಕೆರೆಲ್ ರೇಡಾನ್. ನಿಮ್ಮ ನೆಲಮಾಳಿಗೆಯ ಮಿತಿಯ ನೂರನಲವತ್ತು ಪಟ್ಟಿಗೂ ಜಾಸ್ತಿ. ಕೆಲವರ ಖರ್ಚಿಗೆ ಆರೋಗ್ಯ ವಿಮೆಯೂ ಕೈಜೋಡಿಸುತ್ತದೆ.

ನ್ಯಾಯವಾಗಿ ಹೇಳಬೇಕೆಂದರೆ, ಮನೆಯಲ್ಲಿ ವರ್ಷಗಟ್ಟಲೆ ಉಸಿರಾಡುತ್ತೀರಿ, ಸುರಂಗದಲ್ಲಿ ಸಲಕ್ಕೆ ಒಂದು ಗಂಟೆ ಅಷ್ಟೇ. ಡೋಸ್ ಸಣ್ಣದು. ನೋವು ಇಳಿಯಿತು ಅನ್ನುವವರೂ ಬೇಕಾದಷ್ಟು ಜನ. ಅದಕ್ಕೆ ಕಾರಣ ರೇಡಾನೋ, ಸೆಕೆಯೋ, ಆಫೀಸಿಗೆ ಹಾಕಿದ ರಜೆಯೋ ಅನ್ನುವ ವಾದ ಮುಗಿದಿಲ್ಲ. ವಾದ ಮುಗಿಯುವವರೆಗೆ ರೈಲು ನಿಲ್ಲಿಸೋದು ಬೇಡ ಅಲ್ವಾ?

ಅಂದಹಾಗೆ, ಇಂಥ ಜಾಗಗಳಲ್ಲಿ ಕೆಲಸ ಮಾಡುವವರ ಮೈಗೆ ಎಷ್ಟು ವಿಕಿರಣ ತಗುಲಿತು ಎಂದು ಕಾನೂನಿನ ಪ್ರಕಾರ ಲೆಕ್ಕ ಇಡಬೇಕು. ಮಿತಿ ದಾಟಿದರೆ ಅಪಾಯ ನೋಡಿ. ಹಾಗಾಗಿ ಒಂದೇ ಗಾಳಿಯಲ್ಲಿ, ಮಲಗಿದವನು ಇನ್ನಷ್ಟು ಸಿಗಲಿ ಎಂದು ಎದೆ ತುಂಬಾ ಎಳೆದುಕೊಳ್ಳುತ್ತಿರುತ್ತಾನೆ. ಅವನನ್ನು ನೋಡಿಕೊಳ್ಳಲು ನಿಂತವನು ತನ್ನ ಕೋಟಾ ಇನ್ನೆಷ್ಟು ಉಳಿದಿದೆ ಎಂದು ಲೆಕ್ಕ ಹಾಕುತ್ತಿರುತ್ತಾನೆ.